ಎರಡು ಕಾರ್ಬ್ಯುರೇಟರ್ ಜಾಗಕ್ಕೆ ಒಂದೇ: ಹಳೆ ವ್ಯಾನಿಗೆ ಲಾಭವೇ, ನಷ್ಟವೇ?

ಹಳೆಯ ಫೋಕ್ಸ್‌ವ್ಯಾಗನ್ ವ್ಯಾನುಗಳನ್ನು ಇಂದಿಗೂ ಓಡಿಸುವವರ ನಡುವೆ ಮುಗಿಯದ ವಾದವೊಂದಿದೆ. ಇಂಜಿನ್ನಿನ ಎರಡು ಕಾರ್ಬ್ಯುರೇಟರ್ ತೆಗೆದು ನಡುವೆ ಒಂದನ್ನೇ ಕೂರಿಸುವುದು ಸರಿಯೇ ಎಂಬುದೇ ಆ ವಾದ.

ಜರ್ಮನಿಯ ಈ ಕಂಪನಿ 1972ರ ಮಾದರಿಯ ವ್ಯಾನಿಗೆ 1,679 ಸಿಸಿ ಇಂಜಿನ್ ಕೊಟ್ಟಿತು. ಇದರ ನಾಲ್ಕು ಸಿಲಿಂಡರ್‌ಗಳು ಎರಡೆರಡಾಗಿ ಎದುರುಬದುರು ಮಲಗಿವೆ. ಹಳೆಯ ಬುಲೆಟ್ ಬೈಕಿನಂತೆ ಇದಕ್ಕೂ ರೇಡಿಯೇಟರ್ ಇಲ್ಲ, ನೀರಿಲ್ಲ. ಫ್ಯಾನಿನ ಗಾಳಿ ಮತ್ತು ಆಯಿಲ್ ಇಂಜಿನ್ನನ್ನು ತಣಿಸುತ್ತವೆ. ಪ್ರತಿ ಜೋಡಿ ಸಿಲಿಂಡರಿಗೆ ಒಂದರಂತೆ ಎರಡು ಸೋಲೆಕ್ಸ್ ಕಾರ್ಬ್ಯುರೇಟರ್‌ಗಳಿವೆ.

ಇವೆರಡೂ ಸಮನಾಗಿ ಗಾಳಿ ಎಳೆಯಬೇಕು. ಲಿಂಕ್ ಸಡಿಲವಾದರೆ, ಒಳಗಿನ ಭಾಗ ಸವೆದರೆ ಟ್ಯೂನಿಂಗ್ ಪದೇ ಪದೇ ಕೆಡುತ್ತದೆ. ಬೇಸತ್ತ ಮಾಲೀಕರು 32/36 ವೆಬರ್ ಒಂದನ್ನೇ ಹಾಕಿಸುತ್ತಾರೆ. ಅದಕ್ಕೆ ಎರಡು ಬಾಯಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ 32 ಮಿ.ಮೀ.ನದು, ಇನ್ನಷ್ಟು ಒತ್ತಿದರೆ 36 ಮಿ.ಮೀ.ನದೂ ತೆರೆದುಕೊಳ್ಳುತ್ತದೆ. ಟ್ಯೂನಿಂಗ್ ಸುಲಭ.

ಆದರೆ ತೊಂದರೆ ಇರುವುದು ಕೊಳವೆಯಲ್ಲಿ. ನಡುವಿನಿಂದ ಎರಡೂ ಬದಿಗೆ ಮಿಶ್ರಣ ದೂರ ಸಾಗಬೇಕು. ಪೆಟ್ರೋಲ್ ಆವಿಯಾಗುವಾಗ ಶಾಖ ಹೀರುವುದರಿಂದ ಕೊಳವೆ ತಣ್ಣಗಾಗಿ, ಪೆಟ್ರೋಲ್ ಹನಿಗಳು ಗೋಡೆಗೆ ಅಂಟುತ್ತವೆ. ಚಳಿ, ತೇವ ಸೇರಿದರೆ ಮಂಜುಗಡ್ಡೆಯೂ ಕಟ್ಟುತ್ತದೆ. ಒಂದೇ ಕಾರ್ಬ್ಯುರೇಟರಿನ ಬೀಟಲ್ ಕಾರಿನಲ್ಲಿ ಇದಕ್ಕೆಂದೇ ಸೈಲೆನ್ಸರಿನ ಬಿಸಿ ಹೊಗೆ ಹಾಯುವ ಸಣ್ಣ ಕೊಳವೆ ಇತ್ತು. ಹೊರಗೆ ಸಿಗುವ ಎಷ್ಟೋ ಕಿಟ್‌ಗಳಲ್ಲಿ ಅದಿಲ್ಲ.

ಹೀಗಾದಾಗ ಕೆಲವು ಸಿಲಿಂಡರಿಗೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಹೋಗುತ್ತದೆ. ಹೆಡ್ ಕಾದು ವಾಲ್ವ್ ಸುಡಬಹುದು. ಆ ಬಿಸಿಯನ್ನು ಒಯ್ಯಲು ಇಲ್ಲಿ ನೀರಿಲ್ಲ ಎಂಬುದನ್ನು ಮರೆಯಬಾರದು.

ಬದಲಿಸಲೇಬೇಕೆಂದರೆ ಮೊದಲು ಕಂಪ್ರೆಶನ್, ವಾಲ್ವ್ ಗ್ಯಾಪ್, ಟೈಮಿಂಗ್ ನೋಡಿಸಬೇಕು. ಎಷ್ಟೋ ಸಲ ದೋಷ ಅಲ್ಲೇ ಇದ್ದು, ದೂರು ಮಾತ್ರ ಕಾರ್ಬ್ಯುರೇಟರ್ ಮೇಲೆ ಬರುತ್ತದೆ. ಗ್ಯಾಸ್ಕೆಟ್ ಹೊಸತೇ ಇರಲಿ. ಬ್ರೇಕ್ ಬೂಸ್ಟರ್ ಇರುವ ವ್ಯಾನಾದರೆ ಅದರ ವ್ಯಾಕ್ಯೂಮ್ ಪೈಪಿಗೆ ಹೊಸ ಮ್ಯಾನಿಫೋಲ್ಡಿನಲ್ಲಿ ಜಾಗ ಬೇಕು. ಇಲ್ಲದಿದ್ದರೆ ಬ್ರೇಕ್ ಗಟ್ಟಿಯಾಗುತ್ತದೆ. ಪೆಟ್ರೋಲ್ ಪೈಪ್ ಸೋರಿದರೆ ಬೆಂಕಿಯ ಅಪಾಯ.

ಒಂದಷ್ಟು ಓಡಿಸಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ನೋಡಬೇಕು. ತಿಳಿ ಕಂದು ಬಣ್ಣವಿದ್ದರೆ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಪ್ಪು ಮಸಿ ಇದ್ದರೆ ಜಾಸ್ತಿಯಾಗಿದೆ. ಅದರಂತೆ ಜೆಟ್ ಬದಲಿಸಬೇಕು.

ಹಳೆಯ ಜೋಡಿ ರಿಪೇರಿಗೆ ಬರುವಂತಿದ್ದರೆ ರಿಪೇರಿಯೇ ಮೇಲು. ಬದಲಿಸಿದರೂ ಅವನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳುವುದು ಜಾಣತನ.