ಸೂಜಿಗಿಂತ ಮೊದಲು ಮುದ್ರೆ

ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಲ್ಲಿ ಹತ್ತು ವರ್ಷ ಡ್ರಿಪ್ ಹಾಕಿದ ಕೈಯಾದರೂ ಲಂಡನ್ನಿನಲ್ಲಿ ಇಳಿದ ದಿನವೇ ಸೂಜಿ ಹಿಡಿಯುವಂತಿಲ್ಲ. ಮೊದಲು ಕಾಗದಪತ್ರ ಮಾತಾಡಬೇಕು.

ಆ ಕಾಗದಪತ್ರಗಳ ಊರು ವಿಜಯವಾಡ. ಬಿ.ಎಸ್ಸಿ. ನರ್ಸಿಂಗ್ ಪದವಿ ಕೊಡುವ ಎನ್‌ಟಿಆರ್ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ 1986ರಲ್ಲಿ ಹುಟ್ಟಿದ್ದು ಇಲ್ಲೇ. 2022ರಲ್ಲಿ ಅದಕ್ಕೆ ವೈಎಸ್‌ಆರ್ ಹೆಸರು ಬಂತು, 2024ರಲ್ಲಿ ಹಳೆಯದೇ ಮರಳಿತು. ರಾಜಕಾರಣಿಗಳಿಗೆ ಇದು ಬರೀ ಬೋರ್ಡಿನ ವಿಷಯ. ನಡುವೆ ಪದವಿ ಪಡೆದವರಿಗೆ ಮಾತ್ರ, ಎರಡೂ ಒಂದೇ ಎಂದು ಕಡಲಾಚೆಯ ಗುಮಾಸ್ತನಿಗೆ ಒಪ್ಪಿಸುವ ತಲೆನೋವು. 2014ರ ಆಂಧ್ರ ವಿಭಜನೆಗೆ ಮೊದಲು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದವರ ಪತ್ರದಲ್ಲಂತೂ ಹೈದರಾಬಾದಿನ ವಿಳಾಸ. ಕೈಲಿರುವ ಪ್ರತಿಗಿಂತ ಸಂಸ್ಥೆಯೇ ನೇರವಾಗಿ ಕಳಿಸಿದ ದಾಖಲೆಗೇ ಅಲ್ಲಿ ಬೆಲೆ.

ಆಮೇಲೆ ಪರೀಕ್ಷೆ. ಬ್ರಿಟನ್ನಿಗೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ 6.5, ಓದು, ಆಲಿಕೆ, ಮಾತು ಈ ಮೂರರಲ್ಲಿ 7 ಬೇಕು. ನರ್ಸಿಂಗ್ ಜ್ಞಾನದ ಕಂಪ್ಯೂಟರ್ ಪರೀಕ್ಷೆ ಮುಗಿಸಿ, ಅಲ್ಲಿಗೇ ಹೋಗಿ 10 ಹಂತಗಳ ಆಸ್ಕಿ ಪ್ರಾಯೋಗಿಕ ಪರೀಕ್ಷೆ ಎದುರಿಸಬೇಕು. ಮಂಚದ ಮೇಲಿರುವುದು ಗೊಂಬೆಯಾದರೂ ಕೈ ತೊಳೆದು, ಹೆಸರು, ಹುಟ್ಟಿದ ದಿನ ವಿಚಾರಿಸಿಯೇ ಮದ್ದು ಕೊಡಬೇಕು.

ಜರ್ಮನಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅಮೆರಿಕದ ನರ್ಸಿಂಗ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ ಅನ್ನು ಹೈದರಾಬಾದಿನಲ್ಲೇ ಬರೆಯಬಹುದು: ಕೆಲವರಿಗೆ 85 ಪ್ರಶ್ನೆಗೇ ಪರದೆ ಆರುತ್ತದೆ, ಕೆಲವರಿಗೆ 150ರವರೆಗೂ ಓಡುತ್ತದೆ.