ಹಣ್ಣು ಯಾಕೆ ಉದುರುತ್ತದೆ?

ಬೇಸಿಗೆಯ ಒಂದು ಬೆಳಗು. ಮಾವಿನ ಮರದ ಕೆಳಗೆ ನಾಲ್ಕಾರು ಹಣ್ಣು ಬಿದ್ದಿವೆ. ರಾತ್ರಿ ಗಾಳಿ ಇರಲಿಲ್ಲ. ಯಾರೂ ಕಲ್ಲು ಹೊಡೆದಿಲ್ಲ. ಹಾಗಾದರೆ ಹಣ್ಣು ಯಾಕೆ ಬಿತ್ತು?

ಭಾರಕ್ಕೆ ಬಿತ್ತು ಅಂತೀರಾ? ಹಲಸಿನ ಕಾಯಿ ನೋಡಿ. 10 ಕಿಲೋ ತೂಗುತ್ತದೆ. ಆದರೂ ಗಟ್ಟಿಯಾಗಿ ಮರದಲ್ಲಿ ನೇತಾಡುತ್ತದೆ. ಭೂಮಿ ಎಲ್ಲವನ್ನೂ ತನ್ನ ಕಡೆ ಎಳೆಯುತ್ತದೆ. ಕಾಯಿಯನ್ನೂ ಎಳೆಯುತ್ತದೆ. ಹಣ್ಣನ್ನೂ ಎಳೆಯುತ್ತದೆ. ಆದರೆ ಬೀಳುವುದು ಹಣ್ಣು. ಗುಟ್ಟು ಇರುವುದು ತೊಟ್ಟಿನಲ್ಲಿ.

ತಾಯಿಗೂ ಹೊಟ್ಟೆಯ ಮಗುವಿಗೂ ಹೊಕ್ಕುಳ ಬಳ್ಳಿ ಇದೆಯಲ್ಲ? ಮರಕ್ಕೂ ಕಾಯಿಗೂ ತೊಟ್ಟು ಹಾಗೆ. ನೀರು, ಆಹಾರ ಅದರಲ್ಲೇ ಬರುತ್ತದೆ. ಒಳಗಿನ ಬೀಜ ಬಲಿಯಬೇಕು. ಆಮೇಲೆ ಕಾಯಿ ಹಣ್ಣಾಗುತ್ತದೆ. ಆಗ ಹಣ್ಣಿನೊಳಗೆ ಒಂದು ಅನಿಲ ಹೆಚ್ಚುತ್ತದೆ. ಅದರ ಹೆಸರು ಎಥಿಲೀನ್. ಅದು ಕಣ್ಣಿಗೆ ಕಾಣುವುದಿಲ್ಲ. ಅದು ಹಣ್ಣನ್ನು ಮೆತ್ತಗೆ ಮಾಡುತ್ತದೆ. ನಾವು ಮಾವಿನ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಡುತ್ತೇವೆ. ಆಗ ಈ ಅನಿಲ ಅಲ್ಲೇ ಉಳಿಯುತ್ತದೆ. ಕಾಯಿ ಬೇಗ ಹಣ್ಣಾಗುತ್ತದೆ.

ತೊಟ್ಟಿನಲ್ಲಿ ಒಂದು ತೆಳು ಪದರ ಇದೆ. ಈ ಅನಿಲ ಅದನ್ನೂ ಸಡಿಲ ಮಾಡುತ್ತದೆ. ಹಿಡಿತ ತಪ್ಪುತ್ತದೆ. ಹಣ್ಣು ನೆಲಕ್ಕೆ ಬೀಳುತ್ತದೆ. ಬೀಜ ಮೊಳೆತು ಸಸಿಯಾಗುತ್ತದೆ. ಮರಕ್ಕೆ ಬೇಕಾದ್ದೂ ಅದೇ.

ನೀವೇ ಪರೀಕ್ಷೆ ಮಾಡಿ. ಮಾವಿನ ಕಾಯಿ ಕಿತ್ತು ನೋಡಿ. ಜಗ್ಗಿ ಎಳೆಯಬೇಕು. ಸೊನೆ ಚಿಮ್ಮುತ್ತದೆ. ಮರದಲ್ಲೇ ಮಾಗಿದ ಹಣ್ಣು ಮುಟ್ಟಿದರೆ ಸಾಕು, ಕೈಗೆ ಬರುತ್ತದೆ.

ಕೆಲವು ಸಲ ಮಿಡಿಗಾಯಿಯೂ ಉದುರುತ್ತದೆ. ಕಾಯಿ ಬಹಳ ಕಚ್ಚಿದರೆ ಮರ ಎಲ್ಲವನ್ನೂ ಸಾಕಲಾರದು. ನೀರು ಸಾಲದಿದ್ದರೂ ಉದುರುತ್ತದೆ. ಹುಳು ಹಿಡಿದರೂ ಉದುರುತ್ತದೆ. ಆದರೆ ಜನ ಏನಂತಾರೆ? "ಅವಳು ಮರದ ಕೆಳಗೆ ಹೋದಳು. ಅವಳ ಕಣ್ಣು ಬಿತ್ತು" ಅಂತಾರೆ. ಗಂಡ ಸತ್ತವಳನ್ನು ದೂರುತ್ತಾರೆ. ಮಕ್ಕಳಿಲ್ಲದವಳನ್ನು ದೂರುತ್ತಾರೆ. ನಾವೂ ಚಿಕ್ಕಂದಿನಲ್ಲಿ ಹಾಗೇ ನಂಬಿದ್ದೆವು.

ಅಕ್ಕಂದಿರೇ, ಅದು ಸುಳ್ಳು. ಯಾರ ಕಣ್ಣಿಗೂ ತೊಟ್ಟು ಕಳಚುವ ಶಕ್ತಿ ಇಲ್ಲ. ಇನ್ನು ಯಾರಾದರೂ ಹಾಗೆ ಅಂದರೆ ಸುಮ್ಮನಿರುವುದು ಬೇಡ. "ಬುಡದಲ್ಲಿ ತೇವ ಇದೆಯಾ ನೋಡಿ. ಕಾಯಿಯಲ್ಲಿ ಹುಳು ಇದೆಯಾ ನೋಡಿ" ಅನ್ನೋಣ.

ಮಾತಾಡೋಣ:
1. ಹಲಸಿನ ಕಾಯಿ ಭಾರ ಇದ್ದರೂ ಯಾಕೆ ಬೀಳುವುದಿಲ್ಲ?
2. ಮಿಡಿಗಾಯಿ ಯಾಕೆ ಉದುರುತ್ತದೆ?
3. ನಮ್ಮ ಊರಿನಲ್ಲಿ ಇಂಥ ದೂರು ಯಾರ ಮೇಲೆ ಬಂದಿದೆ?