ಜಾಗದ ದಲ್ಲಾಳಿಯೂ ಅವನ ಗಿರಾಕಿಯೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹೇಳಿಹೋದ ನಮ್ಮ ಹಿರಿಯರು ಜಾಗ ಕೊಂಡು ನೋಡಿದವರಲ್ಲವೆಂದು ತೋರುತ್ತದೆ. ಅವರ ಕಾಲಕ್ಕೆ ಜಾಗವು ತಂದೆಯಿಂದ ಮಗನಿಗೆ ಬರುತ್ತಿತ್ತು. ಇಲ್ಲವೆ ಬರುತ್ತಲೇ ಇರಲಿಲ್ಲ. ಈಗ ಅದು ದಲ್ಲಾಳಿಯ ಕೈಯಿಂದ ಬರುತ್ತದೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರರಲ್ಲಿ ಯಾವ ಊರಿಗೆ ಹೋದರೂ ಚಹದ ಅಂಗಡಿಯ ಮುಂದೆ ನಿಂತ ನಾಲ್ವರಲ್ಲಿ ಒಬ್ಬನಾದರೂ ಪ್ಲಾಟಿನ ಮಾತನಾಡುತ್ತಿರುತ್ತಾನೆ. ಈ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕ ಸಮಿತಿಯವರು ಕೇಳಿದಾಗ ಗೆಳತಿಯರು ಕವಿತೆಯನ್ನೂ ಪ್ರವಾಸಕಥನವನ್ನೂ ಆರಿಸಿಕೊಂಡರು. ನಾನು ದಲ್ಲಾಳಿಯನ್ನು ಆರಿಸಿಕೊಂಡೆನೆಂದು ನಕ್ಕರು. ನಗಲಿ. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಮಧ್ಯವರ್ತಿಗೆ ಸಿಕ್ಕಿರುವುದು ಅರ್ಧ ಪುಟ. ನಮ್ಮ ಮನೆಯಲ್ಲಿ ಅವನಿಗೆ ಸಿಕ್ಕಿರುವುದು ಎರಡು ವರುಷ.

ನಮ್ಮ ತಂದೆಯವರು ಗೌಂಡಿ ಕೆಲಸ ಮಾಡುವವರು. ವರುಷದಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿದ್ದು ಪರರ ಮನೆಗಳನ್ನು ಕಟ್ಟುತ್ತಾರೆ. ನಮ್ಮದೋ ಬಾಡಿಗೆಯ ಮನೆ. ಹದಿನಾರು ವರುಷ ಕೂಡಿಟ್ಟ ಹಣದಿಂದ ಒಂದು ತುಂಡು ಜಾಗ ಕೊಳ್ಳಬೇಕೆಂದು ಹೊರಟಾಗ, ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ, ಕಾಗದ ಓದುವ ಕೆಲಸ ನನ್ನ ಪಾಲಿಗೆ ಬಂದಿತು. ಆಗ ಕಂಡುದನ್ನೂ ಬಳಿಕ ಓದಿ ತಿಳಿದುದನ್ನೂ ಇಲ್ಲಿ ಹೇಳುತ್ತಿದ್ದೇನೆ.

‘ದಲ್ಲಾಳಿ’ ಅರಬ್ಬಿಯಿಂದ ಬಂದ ಮಾತು. ಅದರ ಧಾತುವಿಗೆ ದಾರಿ ತೋರಿಸು ಎಂಬ ಅರ್ಥವಿದೆಯಂತೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಹೊಲಮನೆಯ ವ್ಯವಹಾರದ ಎಷ್ಟೋ ಮಾತುಗಳು ಹೀಗೆ ದೂರದಿಂದ ಬಂದು ಮನೆಯವೇ ಆಗಿವೆ. ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವವನೂ ದಲ್ಲಾಳಿಯೇ. ಮಾರುವವನ ಬೆರಳು ಹೇಳಿದ್ದು ಕೊಳ್ಳುವವನಿಗೆ ತಿಳಿಯದು. ಕೊಳ್ಳುವವನ ಬೆರಳು ಹೇಳಿದ್ದು ಮಾರುವವನಿಗೆ ತಿಳಿಯದು. ಎರಡೂ ತಿಳಿದವನು ನಡುವಿನವನೊಬ್ಬನೇ. ಅವನ ಅನ್ನವಿದ್ದದ್ದು ಆ ಟವೆಲ್ಲಿನ ಕೆಳಗೆ.

ಹೊಲದ ದಲ್ಲಾಳಿಗೆ ನಮ್ಮಲ್ಲಿ ಬರಕತ್ತು ಬಂದುದು ಕಾಲುವೆಯ ನೀರಿನ ಸಂಗಡ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಎರೆಹೊಲಗಳಿಗೆ ಹರಿಯತೊಡಗಿದ ಮೇಲೆ ಜೋಳ ಬೆಳೆಯುತ್ತಿದ್ದಲ್ಲಿ ಭತ್ತ ಬಂದಿತು. ಆಂಧ್ರದ ಕಡೆಯ ರೈತರು ಬಂದು ಹೊಲ ಕೊಂಡರು, ಲಾವಣಿಗೆ ಹಿಡಿದರು, ಕ್ಯಾಂಪುಗಳಲ್ಲಿ ನೆಲಸಿದರು. ಅವರಿಗೆ ಕನ್ನಡ ಬಾರದು, ನಮ್ಮವರಿಗೆ ತೆಲುಗು ಬಾರದು; ಎರಡೂ ಬಲ್ಲವನು ದಲ್ಲಾಳಿಯಾದನು. ಮುಂದೆ 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿಯೇ ಜಿಲ್ಲೆಯಾದಾಗ ಕಚೇರಿಗಳು ಬಂದವು, ನೌಕರರು ಬಂದರು. ಕಡೇಚೂರಿನ ಕಡೆ ಕೈಗಾರಿಕೆಗೆಂದು ಸಾವಿರಾರು ಎಕರೆ ಭೂಸ್ವಾಧೀನವಾಯಿತು. ಎಕರೆಯ ಲೆಕ್ಕದಲ್ಲಿ ಮಾರುತ್ತಿದ್ದ ನೆಲವನ್ನು ಚದರಡಿಯ ಲೆಕ್ಕದಲ್ಲಿ ಮಾರತೊಡಗಿದರು. ನಮ್ಮ ತರಗತಿಯಲ್ಲಿಯೇ ಇಬ್ಬರು ಮಹನೀಯರು ತಮ್ಮ ವಾಟ್ಸ್ಯಾಪಿನ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ಪ್ಲಾಟಿನ ಚಿತ್ರ ಹಾಕುತ್ತಾರೆ. ಅವರು ಈ ಲೇಖನವನ್ನು ಓದಿದರೆ ನನ್ನ ಶ್ರಮ ಸಾರ್ಥಕ.

ಏಕೆಂದರೆ ಈಗ ಆ ಟವೆಲ್ಲನ್ನು ಯಾರೋ ಎತ್ತಿಬಿಟ್ಟಿದ್ದಾರೆ. ಮೊದಲು ಯಾರ ಹೊಲ ಮಾರಾಟಕ್ಕಿದೆ, ಯಾರ ಹೆಸರಿನಲ್ಲಿದೆ ಎಂದು ತಿಳಿಯಬೇಕಾದರೆ ದಲ್ಲಾಳಿಯನ್ನೋ ದಫ್ತರವನ್ನೋ ಹಿಡಿಯಬೇಕಾಗಿತ್ತು. 2000ದ ಸುಮಾರಿನಲ್ಲಿ ಆರಂಭವಾದ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಇಂದು ಸರ್ವೇ ನಂಬರು ಗೊತ್ತಿದ್ದರೆ ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಗ್ರಾಮ ಪಂಚಾಯತಿಯ ಜಾಗಗಳಿಗೆ ‘ಇ-ಸ್ವತ್ತು’ ಬಂದಿದೆ. 2023ರಲ್ಲಿ ಬಂದ ‘ಕಾವೇರಿ 2.0’ ವ್ಯವಸ್ಥೆಯಲ್ಲಿ ನೋಂದಣಿಯ ಅರ್ಜಿಯನ್ನು ಮನೆಯಿಂದಲೇ ಹಾಕಿ, ಕಚೇರಿಗೆ ಹೋಗುವ ವೇಳೆಯನ್ನು ಗೊತ್ತುಮಾಡಿಕೊಳ್ಳಬಹುದು. ಜಾಗದ ಸುದ್ದಿಯಂತೂ ಮೊಬೈಲಿನಲ್ಲಿ ಬೇಡವೆಂದರೂ ಬರುತ್ತದೆ. ಸುದ್ದಿಯೊಂದನ್ನೇ ಮಾರಿ ಬದುಕುತ್ತಿದ್ದವನು ಇನ್ನು ಏನನ್ನು ಮಾರಬೇಕು?

ಸುದ್ದಿ ಬಿಟ್ಟಿಯಾಯಿತೇ ಹೊರತು ತಿಳಿವಳಿಕೆ ಬಿಟ್ಟಿಯಾಗಲಿಲ್ಲ ಎಂಬುದನ್ನು ನಾನು ಪಹಣಿಯ ಮುಂದೆ ಕುಳಿತಾಗ ಅರಿತೆ. ಬಿ.ಎ. ಕೊನೆಯ ವರುಷದವಳಾದ ನನಗೆ ಅದು ಹಳಗನ್ನಡಕ್ಕಿಂತ ಕಠಿಣವಾಗಿ ಕಂಡಿತು. ಒಂಬತ್ತನೆಯ ಕಾಲಮಿನಲ್ಲಿ ಮಾಲೀಕರ ಹೆಸರು. ಹತ್ತನೆಯದರಲ್ಲಿ ಆ ಹೆಸರು ಬಂದ ಬಗೆ. ಹನ್ನೊಂದನೆಯದರಲ್ಲಿ ಇತರ ಹಕ್ಕು ಮತ್ತು ಋಣಗಳು, ಎಂದರೆ ಬ್ಯಾಂಕಿನ ಸಾಲ ಮುಂತಾದವು. ಜಾಗ ಕೊಳ್ಳುವ ಬಡವನ ಕಣ್ಣು ಒಂಬತ್ತರಲ್ಲೇ ನಿಲ್ಲುತ್ತದೆ. ಅನಾಹುತ ಹನ್ನೊಂದರಲ್ಲಿ ಕುಳಿತಿರುತ್ತದೆ. ಅದಾದ ಮೇಲೂ ನೋಡಬೇಕಾದದ್ದುಂಟು. ಹೊಲವನ್ನು ಮನೆಯ ಜಾಗವಾಗಿ ಪರಿವರ್ತಿಸಲು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಆದೇಶವಾಗಿರಬೇಕು; ನಾವು ಎನ್.ಎ. ಎನ್ನುವುದು ಇದಕ್ಕೇ. ಬಡಾವಣೆಯ ನಕ್ಷೆಗೆ ಒಪ್ಪಿಗೆ ದೊರೆತಿರಬೇಕು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ 1978ರ ಕಾಯಿದೆಯ ಪ್ರಕಾರ ಸರಕಾರದ ಅನುಮತಿಯಿಲ್ಲದೆ ಕೊಂಡದ್ದು ನಿಲ್ಲುವುದಿಲ್ಲ. ಇನ್ನು ‘ಬಾಂಡ್ ಖರೀದಿ’ಯ ಮಾತು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ನಮ್ಮವರು ಲಕ್ಷಗಟ್ಟಲೆಯ ಜಾಗವನ್ನು ನೂರು ರೂಪಾಯಿಯ ಬಾಂಡಿನ ಮೇಲೆ ಬರೆಸಿಕೊಂಡು, ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚುತ್ತಾರೆ.

ನಮ್ಮ ತಂದೆಯವರೂ ಹಚ್ಚುವವರೇ ಇದ್ದರು. ಯಾದಗಿರಿಯ ಹೊರವಲಯದಲ್ಲಿ ಒಬ್ಬ ದಲ್ಲಾಳಿ ಒಂದು ಗುಂಟೆ ಜಾಗ ತೋರಿಸಿದನು. ಬಿಳಿಯ ಕಲ್ಲು ನೆಟ್ಟಿದ್ದರು, ಕಮಾನು ಕಟ್ಟಿದ್ದರು. “ಮುಂದ ಇಲ್ಲೇ ರಿಂಗ್ ರೋಡ್ ಬರ್ತದ ನೋಡ್ರಿ” ಎಂದನು. ಎರಡು ದಿನಗಳ ರಜೆಯಲ್ಲಿ ಬಂದಿದ್ದ ತಂದೆಯವರು ಬೆಂಗಳೂರಿನ ಗಾಡಿ ಹಿಡಿಯುವ ಅವಸರದಲ್ಲಿ ಐವತ್ತು ಸಾವಿರ ಸಂಚಕಾರ ಕೊಟ್ಟರು. ನಾನು ಪಹಣಿ ಕೇಳಿದೆ. “ನಿನಗ್ಯಾಕ ತಂಗಿ ಅದೆಲ್ಲಾ? ಓದು, ಪಾಸಾಗು” ಎಂದು ನಕ್ಕನು. ಆ ನಗೆಯ ಸಿಟ್ಟಿಗೆಂದೇ ನಾನು ಸರ್ವೇ ನಂಬರನ್ನು ಹುಡುಕಿ ತೆಗೆದೆ. ಒಂಬತ್ತರಲ್ಲಿ ನಾಲ್ವರು ಅಣ್ಣತಮ್ಮಂದಿರ ಹೆಸರು, ಮಾರುತ್ತಿದ್ದವನು ಒಬ್ಬನೇ, ಹನ್ನೊಂದರಲ್ಲಿ ಸಾಲ, ಎನ್.ಎ. ಆದೇಶವಂತೂ ಇಲ್ಲವೇ ಇಲ್ಲ. ಎಂಟು ತಿಂಗಳು ತಿರುಗಿದ ಮೇಲೆ ಮೂವತ್ತು ಸಾವಿರ ಮರಳಿ ಬಂದಿತು. ಉಳಿದ ಇಪ್ಪತ್ತು ಸಾವಿರ ಬರಲಿಲ್ಲ. ಈಗ ಅವನು ನಮ್ಮ ಫೋನು ಎತ್ತುವುದಿಲ್ಲ. ಗೌಂಡಿಯೊಬ್ಬನು ಇಪ್ಪತ್ತು ಸಾವಿರ ಗಳಿಸಲು ಎಷ್ಟು ದಿನ ಬಿಸಿಲಿನಲ್ಲಿ ನಿಲ್ಲಬೇಕೆಂಬುದನ್ನು ನಾನು ಬಲ್ಲೆ. ಆದುದರಿಂದ ಈ ವಿಷಯ ನನಗೆ ಹರಟೆಯ ವಿಷಯವಲ್ಲ.

ಎರಡನೆಯವರು ಶಹಾಪುರದ ವಯಸ್ಸಾದ ಒಬ್ಬರು. ಹಿಂದೆ ಹತ್ತಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಮೊದಲ ದಿನ ಅವರು ನಮಗೆ ಜಾಗವನ್ನು ತೋರಿಸಲೇ ಇಲ್ಲ. “ಮೊದಲ ಕಾಗದ ನೋಡ್ರಿ. ಕಾಗದ ಸರಿ ಇದ್ರ ಜಾಗ ಎಲ್ಲಿ ಓಡಿ ಹೋಗ್ತದ?” ಎಂದರು. ತಮ್ಮ ಕಮಿಷನ್ನು ನೂರಕ್ಕೆ ಒಂದು, ಅದೂ ನೋಂದಣಿಯಾದ ದಿನವೇ ಹೊರತು ಮೊದಲಲ್ಲ, ಎಂದು ಚೀಟಿಯ ಮೇಲೆ ಬರೆದು ಕೊಟ್ಟರು. ಭೀಮರಾಯನಗುಡಿಯ ಕಡೆಯ ಒಂದು ಜಾಗ ತಂದೆಯವರ ಮನಸ್ಸಿಗೆ ಬಂದಿತ್ತು, ಕಾಗದವೂ ಸರಿಯಾಗಿತ್ತು. ಆದರೆ ಮಳೆ ಬಂದ ಮರುದಿನ ಕಾಕಾ ಅಲ್ಲಿಗೆ ಹೋಗಿ, ಮೊಣಕಾಲುದ್ದ ನಿಂತ ನೀರಿನ ವಿಡಿಯೋ ಮಾಡಿ, ಬೆಂಗಳೂರಿನಲ್ಲಿದ್ದ ತಂದೆಯವರಿಗೆ ಕಳಿಸಿದರು. ಎರೆನೆಲ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ತಳಪಾಯಕ್ಕೆ ತಗಲುವ ವೆಚ್ಚವೇನೆಂದು ಗೌಂಡಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೀರನ್ನು ತೋರಿಸಿದರೆ ಸಾಕಾಗಿತ್ತು. ಆ ಜಾಗ ಬಿಟ್ಟೆವು. ಹೀಗೆಯೇ ಇನ್ನೆರಡು ಜಾಗಗಳನ್ನು ಕಾಕಾ ತಾವಾಗಿಯೇ ಬೇಡವೆಂದರು.

“ಮೂರು ಸಲ ಕಮಿಷನ್ ಕಳಕೊಂಡ್ರೆಲ್ಲಾ ಕಾಕಾ” ಎಂದೆ ಒಂದು ದಿನ.

“ಎಲ್ಲಿ ಕಳಕೊಂಡೆ ತಂಗಿ? ನಿಮ್ಮಪ್ಪನ ಸಂಗಡ ಬೆಂಗಳೂರಾಗ ಕೆಲಸ ಮಾಡೋ ಐದು ಮಂದಿ ನನ್ನ ಕಡಿ ಬಂದಾರ. ಆ ವಿಡಿಯೋ ಅವರೆಲ್ಲಾ ನೋಡ್ಯಾರ” ಎಂದರು.

ವ್ಯಾಪಾರದ ಗುಟ್ಟು ಇಷ್ಟರಲ್ಲಿದೆಯೆಂದು ನನಗೆ ಅನ್ನಿಸುತ್ತದೆ. ನಮ್ಮ ಜಿಲ್ಲೆಯಿಂದ ದುಡಿಯಲು ಹೋದವರು ಬೆಂಗಳೂರು, ಹೈದರಾಬಾದು, ಮುಂಬಯಿ, ಪುಣೆಗಳಲ್ಲಿ ಊರೂರಿನವರು ಒಂದೊಂದು ಕಡೆ ಗುಂಪಾಗಿ ಇರುತ್ತಾರೆ. ಜಾಗ ನೋಡಲು ಅವರಿಗೆ ವರುಷಕ್ಕೆ ಎರಡೋ ಮೂರೋ ದಿನ ಬಿಡುವು, ಜಾತ್ರೆಗೆ ಇಲ್ಲವೆ ಹಬ್ಬಕ್ಕೆ. ಅವರ ಪರವಾಗಿ ಇಲ್ಲಿ ನಿಂತು ನೋಡುವ ಕಣ್ಣು ಬೇಕು. ಮೊಬೈಲು ಆ ಕಣ್ಣಾಗಲಾರದು, ಅದನ್ನು ಹಿಡಿದವನ ಮನಸ್ಸು ಆಗಬೇಕು. ಒಬ್ಬನಿಗೆ ಮೋಸವಾದರೆ ಶೆಡ್ಡಿನ ಇಪ್ಪತ್ತು ಜನಕ್ಕೆ ಅಂದೇ ರಾತ್ರಿ ತಿಳಿಯುತ್ತದೆ. ಒಬ್ಬನಿಗೆ ಒಳ್ಳೆಯದಾದರೂ ತಿಳಿಯುತ್ತದೆ, ತುಸು ತಡವಾಗಿ.

ಕಾನೂನು ಏನೂ ಸುಮ್ಮನಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯಿದೆಯು, ನಾವು ರೇರಾ ಎನ್ನುವುದು, ಸಾಮಾನ್ಯವಾಗಿ 500 ಚದರ ಮೀಟರಿಗಿಂತ ದೊಡ್ಡ ಯೋಜನೆಗಳು ನೋಂದಣಿಯಾಗಬೇಕೆನ್ನುತ್ತದೆ. 30×40ರ ಐದು ನಿವೇಶನಗಳು ಸೇರಿದರೆ ಆ ಅಳತೆ ದಾಟುತ್ತದೆ. ಅಂತಹ ಯೋಜನೆಯ ಜಾಗ ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಿಕೊಂಡಿರಬೇಕು, ನೋಂದಣಿಯಿಲ್ಲದ ಯೋಜನೆಯನ್ನು ಮಾರಿಸಕೂಡದು, ಲೆಕ್ಕ ಇಡಬೇಕು, ಗಿರಾಕಿಗೆ ಸಲ್ಲಬೇಕಾದ ಕಾಗದಪತ್ರಗಳನ್ನೂ ಮಾಹಿತಿಯನ್ನೂ ಕೊಡಿಸಬೇಕು. ತಪ್ಪಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಯಂತೆ, ಜಾಗದ ಬೆಲೆಯ ನೂರಕ್ಕೆ ಐದರವರೆಗೆ ದಂಡ. ಆದರೆ ನಮ್ಮ ಊರುಗಳಲ್ಲಿ ಒಬ್ಬನು ಮತ್ತೊಬ್ಬನಿಗೆ ಮಾರುವ ಬಿಡಿ ಜಾಗಗಳೇ ಬಹಳ. ಅಲ್ಲಿಗೆ ಈ ಕಾಯಿದೆಯ ಕೈ ಚಾಚುವುದಿಲ್ಲ. (ಕಾಕಾ ಅವರನ್ನು ನಿಮ್ಮ ನೋಂದಣಿಯಾಗಿದೆಯೇ ಎಂದು ಕೇಳಿದ್ದೆ. “ನನ್ನದೆಲ್ಲಾ ಬಿಡಿ ಪ್ಲಾಟು” ಎಂದು ಮಾತು ಹಾರಿಸಿದರು.) ಹಾಗಿದ್ದರೂ 1872ರ ಕರಾರು ಕಾಯಿದೆ ಇದ್ದೇ ಇದೆ. ಒಡೆಯನಿಗೆ ತಿಳಿಸದೆ ಏಜೆಂಟನು ತನಗಾಗಿಯೇ ವ್ಯವಹಾರ ಮಾಡಿಕೊಂಡರೆ ಆ ಲಾಭ ಒಡೆಯನದು. ದುರ್ನಡತೆ ತೋರಿದ ಏಜೆಂಟನಿಗೆ ಆ ಭಾಗದ ಕೆಲಸಕ್ಕೆ ಸಂಭಾವನೆಯಿಲ್ಲ. ಮಾರುವವನಿಗೆ ಒಂದು ದರ, ಕೊಳ್ಳುವವನಿಗೆ ಇನ್ನೊಂದು ದರ ಹೇಳಿ ನಡುವಿನದನ್ನು ನುಂಗುವ ಪದ್ಧತಿ ನಮ್ಮಲ್ಲಿ ಜಾಣತನವೆನಿಸಿಕೊಂಡಿದೆ. ನೂರೈವತ್ತು ವರುಷಗಳ ಹಿಂದಿನ ಕಾಯಿದೆ ಅದನ್ನು ಜಾಣತನವೆಂದು ಕರೆಯುವುದಿಲ್ಲ.

ಈ ಚಿಂತೆ ನಮ್ಮ ಸೀಮೆಗಷ್ಟೇ ಸೇರಿದ್ದಲ್ಲ. ಅಮೇರಿಕಾ ದೇಶದ ದಲ್ಲಾಳಿಗಳ ರಾಷ್ಟ್ರೀಯ ಸಂಘವು 1908ರಷ್ಟು ಹಿಂದೆಯೇ ಸ್ಥಾಪಿತವಾಗಿ, 1913ರಲ್ಲಿ ತನ್ನ ಸದಸ್ಯರಿಗೆ ನೀತಿಸಂಹಿತೆ ಬರೆದುಕೊಂಡಿತ್ತು. ಆದರೂ ಕಮಿಷನ್ನಿನ ವಿಷಯವಾಗಿ ಮನೆ ಮಾರಿದವರು ಹೂಡಿದ ದಾವೆಗಳಿಂದ ಅದು 2024ರಲ್ಲಿ 41.8 ಕೋಟಿ ಡಾಲರು ಕೊಟ್ಟು ರಾಜಿಯಾಗಬೇಕಾಯಿತು. ಆ ವರುಷದ ಆಗಸ್ಟಿನಿಂದ, ಕೊಳ್ಳುವವನಿಗೆ ಮನೆ ತೋರಿಸುವ ಮೊದಲೇ ಏಜೆಂಟನು ತನ್ನ ಸಂಭಾವನೆಯನ್ನು ಕರಾರಿನಲ್ಲಿ ಬರೆದು ಸಹಿ ಮಾಡಿಸಿಕೊಳ್ಳಬೇಕು. ಇದನ್ನು ಓದಿದಾಗ ನನಗೆ ಕಾಕಾ ಅವರ ಚೀಟಿ ನೆನಪಾಯಿತು. ಗಿರಾಕಿಯು ‘ನಿನಗೇಕೆ ಹಣ ಕೊಡಬೇಕು?’ ಎಂದು ಕೇಳುವ ಕಾಲ ಅಲ್ಲಿ ಬಂದಂತೆ ಇಲ್ಲಿಯೂ ಬಂದಿದೆ. ಉತ್ತರವಿದ್ದವನು ಉಳಿಯುತ್ತಾನೆ.

ನೋಂದಣಿಯಾದೊಡನೆ ಕೈ ತೊಳೆದುಕೊಳ್ಳುವ ದಲ್ಲಾಳಿಗಳೇ ಹೆಚ್ಚು. ಕೊಂಡವನ ಕಷ್ಟ ಶುರುವಾಗುವುದು ಅಲ್ಲಿಂದಲೇ ಎಂಬುದನ್ನೂ ಹೇಳಬೇಕು. ಖಾತೆ ಬದಲಾಗಬೇಕು, ಚಕ್ಕುಬಂದಿ ಅಳೆಸಬೇಕು, ಕರೆಂಟಿನ ಮೀಟರಿಗೆ ಅರ್ಜಿ ಹಾಕಬೇಕು. ಓದು ಬಾರದವನಿಗೆ ಒಂದೊಂದು ಕಚೇರಿಯ ಮೆಟ್ಟಿಲೂ ಯಾದಗಿರಿಯ ಕೋಟೆಯ ಮೆಟ್ಟಿಲಿನಂತೆ. ಕಾಕಾ ಖಾತೆ ಕೈಗೆ ಬರುವವರೆಗೆ ಗಿರಾಕಿಯ ಕಡತವನ್ನು ತಮ್ಮ ಚೀಲದಲ್ಲಿಯೇ ಇಟ್ಟುಕೊಂಡು ತಿರುಗುತ್ತಾರೆ. ಚೀಲ ಭಾರವಾಗಿದೆ, ಭುಜ ನೋಯುತ್ತದೆ ಎಂದು ಗೊಣಗುತ್ತಾರೆ; ಇಳಿಸುವುದಿಲ್ಲ.

ಇದನ್ನು ಬರೆಯುವ ಹೊತ್ತಿಗೆ ನಾಲ್ಕನೆಯ ಜಾಗದ ಕಾಗದಗಳು ನನ್ನ ಪಠ್ಯಪುಸ್ತಕಗಳ ಮೇಲೆ ಕುಳಿತಿವೆ. ಒಂಬತ್ತರಲ್ಲಿ ಒಂದೇ ಹೆಸರು, ಹನ್ನೊಂದು ಖಾಲಿ, ಎನ್.ಎ. ಆದೇಶದ ಪ್ರತಿಯೂ ಇದೆ. ಋಣಭಾರ ಪತ್ರವೊಂದು ಬರಬೇಕು. ಮಳೆಯ ದಿನ ನೋಡಿಕೊಂಡು ಬರುತ್ತೇನೆಂದು ಕಾಕಾ ಹೇಳಿದ್ದಾರೆ. ನಿನ್ನೆ ಫೋನು ಮಾಡಿದ್ದ ತಂದೆಯವರು, ಪರೀಕ್ಷೆ ಯಾವಾಗ ಎಂದು ಒಮ್ಮೆ ಕೇಳಿದರು. ಮಳೆ ಬಂತೇನು ಎಂದು ಎರಡು ಸಲ ಕೇಳಿದರು.